ಟಗರಿಗೆ ಕೊಟ್ಟ ಮಾತ್ರೆ

ಚಳಿ ಹಿಂದೆ ಸರಿದು ಬಿಸಿಲು ಬಲಿಯುತ್ತಿದ್ದ ದಿನಗಳು. ದೊಡ್ಡಿಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ನೆರೆಯವನು ಒಬ್ಬ ರೈತನ ಹೊಲ ಉತ್ತುಕೊಟ್ಟಿದ್ದ. ಆ ಮುಯ್ಯಿ ತೀರಿಸಲು ರೈತ ಅವನ ಮಂದೆಗೆ ಕತ್ತರಿ ಹಿಡಿದಿದ್ದ. ಕುರಿಯೊಂದು ಕೊಸರಿತು. ಕತ್ತರಿ ಇವನ ಮೊಣಕಾಲ ಕೆಳಗೇ ತಗುಲಿತು.

ಗಾಯ ಚಿಕ್ಕದು. ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದ. ಕೀವಾದ ಮೇಲೆ ಹೆಂಡತಿಯ ಕಾಟಕ್ಕೆ ಆಸ್ಪತ್ರೆಯಿಂದ ಮಾತ್ರೆ ತಂದ. ಕೀವು ಒಣಗುತ್ತಲೇ, ಉಳಿದ ಮಾತ್ರೆಗಳನ್ನು ಕುಂಟುತ್ತಿದ್ದ ತನ್ನ ಟಗರಿಗೆ ನುಂಗಿಸಿದ. ಗಾಯ ಮತ್ತೆ ಬಾಯಿ ಬಿಟ್ಟಾಗ ಯಾರಿಗೂ ಹೇಳಲಿಲ್ಲ. ಕೊನೆಗೆ ಹೆಂಡತಿಗೆ ಹೇಳಿದ್ದು ನಾತ.

ನರ್ಸ್ ಆಗಿದ್ದ ಅವಳ ತಂಗಿ ಬಂದು ಬಟ್ಟೆ ಬಿಚ್ಚಿದಳು. ಟಗರಿನ ಸುದ್ದಿ ಕೇಳಿ ಅವಳಿಗೆ ನಗು ಬರಲಿಲ್ಲ.

"ಭಾವ, ಕೀವು ಮಾಡೋ ಈ ಸೂಕ್ಷ್ಮಾಣುಗಳು ಒಂದೆರಡು ಇದ್ದಾಗ ತೆಪ್ಪಗಿರ್ತವೆ. ಒಂದು ಥರ ರಸ ಬಿಡ್ತವೆ, ಅದೇ ಅವುಗಳ ಮಾತು. ರಸ ದಟ್ಟ ಆಯ್ತು ಅಂದ್ರೆ, ಸಾಕಷ್ಟು ಸೇರಿದೀವಿ ಅಂತ ತಿಳ್ಕೊಂಡು ಒಟ್ಟಿಗೇ ಮೇಲೆ ಬೀಳ್ತವೆ. ಲೋಳೆ ಹೊದ್ಕೊಂಡು ಕೂತ್ರೆ ಮಾತ್ರೆನೂ ಸರಿಯಾಗಿ ನಾಟಲ್ಲ."

"ನಿಮ್ಮಪ್ಪನ ಮನೆಯವರ ಹಾಗೇ ಅನ್ನು," ಎಂದ ಅವನು. "ಗುಂಪು ಸೇರಿದ ಮೇಲೇ ಜಗಳಕ್ಕೆ ಬರೋದು."

ಹೆಂಡತಿ ಕೇಳಿದಳು: "ಅವು ಮಾತಾಡದ ಹಾಗೆ ಮಾಡೋ ಮದ್ದಿಲ್ವೇನೇ?"

ಹುಡುಕುತ್ತಿದ್ದಾರೆ ಎಂದಳು ತಂಗಿ. ಆ ರಸ ಒಂದರಿಂದ ಒಂದಕ್ಕೆ ಮುಟ್ಟದಂತೆ ತಡೆದರೆ ಅವು ಒಗ್ಗೂಡುವುದು ಕಷ್ಟ. ಪ್ರಯೋಗಶಾಲೆಗಳಲ್ಲಿ ಆ ಕೆಲಸ ನಡೆದಿದೆ. "ಆದ್ರೆ ಭಾವನ ಕಾಲಿಗೆ ಕೊಡೋಕೆ ನನ್ನ ಪೆಟ್ಟಿಗೇಲಿ ಅದಿಲ್ಲ ಕಣೇ. ಈಗಲೇ ಹೊರಡಿ."

ಹೊರಟರು. ತಡವಾಗಿತ್ತು. ಸೋಂಕು ಮೂಳೆಗೆ ಇಳಿದಿತ್ತು. ಕಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು.

ಉಣ್ಣೆ ಕತ್ತರಿಸುವಾಗ ಕುರಿಯನ್ನು ಎರಡು ಮೊಣಕಾಲ ನಡುವೆ ಇರುಕಿ ಹಿಡಿಯಬೇಕು. ಅವನೀಗ ಬಾಗಿಲ ಬಳಿ ಕೂತಿರುತ್ತಾನೆ. ಟಗರು ಇನ್ನೂ ಕುಂಟುತ್ತಿದೆ. ಒಂದು ಸಂಜೆ ಹೆಂಡತಿಗೆ ಹೇಳಿದ: "ಆ ಸೂಕ್ಷ್ಮಾಣುಗಳು ಒಂದಕ್ಕೊಂದು ಹೇಳ್ಕೊಂಡವು. ನಾನು ನಿನಗೂ ಹೇಳಲಿಲ್ಲ." ಅವಳು ಕತ್ತರಿಯನ್ನು ತೆಗೆದು ಅಟ್ಟದ ಮೇಲಿಟ್ಟಳು.

ಇದನ್ನು ಓದುವವರೇ, ಕೇಳುವವರೇ, ಆ ಮದ್ದು ಎಂದು ಬರುವುದೋ ತಿಳಿಯದು. ಅಲ್ಲಿಯವರೆಗೆ ನಿಮಗೆ ಬಾಯಿದೆ, ಹೇಳಿಕೊಳ್ಳಿ. ಚಿಕ್ಕ ಗಾಯವನ್ನೂ ಸೋಪು ಹಾಕಿ ಶುದ್ಧ ನೀರಿನಲ್ಲಿ ತೊಳೆಯಿರಿ. ಕೆಂಪಾದರೆ, ಊದಿದರೆ, ಕೀವು ಕಂಡರೆ ಅಂದೇ ಆಸ್ಪತ್ರೆಯಲ್ಲಿ ತೋರಿಸಿ. ವೈದ್ಯರು ಹೇಳಿದಷ್ಟು ಮಾತ್ರೆಯನ್ನು ನೀವೇ ನುಂಗಿ ಮುಗಿಸಿ. ಮನುಷ್ಯರಿಗಾಗಲಿ ಟಗರಿಗಾಗಲಿ ಎತ್ತಿಡಬೇಡಿ.

ನೆರೆಯವನು ಮುಯ್ಯಿಯ ಮಾತೆತ್ತುವುದಿಲ್ಲ. ಎತ್ತಿದ್ದರೇ ವಾಸಿಯಿತ್ತು. ಇವನು ಕತ್ತರಿಸದೆ ಉಳಿದ ಅವನ ಅರ್ಧ ಮಂದೆ ಉಣ್ಣೆ ಹೊತ್ತು, ಬಿಸಿಲಿಗೆ ಏದುತ್ತ, ಈ ಬಾಗಿಲ ಮುಂದೆಯೇ ಹಾದುಹೋಗುತ್ತದೆ.