ಜ್ಯೂಸ್ ಬಾಟಲಿಯಲ್ಲಿ ತುಂಬಿದ್ದು

ಕೆಲಸ ಕಳೆದುಕೊಂಡವನನ್ನು ಗುರುತಿಸುವುದು ಕಷ್ಟವಲ್ಲ. ಬೀದಿಗೆ ಬೀದಿಯೇ ಬಸ್ಸು ಹಿಡಿಯಲು ಓಡುತ್ತಿರುವಾಗ ಅವನೊಬ್ಬ ಬಾಗಿಲಲ್ಲಿ ನಿಂತು ನಿಧಾನವಾಗಿ ಹಲ್ಲುಜ್ಜುತ್ತಿರುತ್ತಾನೆ. ಸ್ಟೋರಣ್ಣ ಹಾಗೆ ನಿಲ್ಲತೊಡಗಿ ತಿಂಗಳುಗಳೇ ಆಗಿದ್ದವು.

ಸ್ಟೋರಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ ಅವನ ಕೈಯಲ್ಲಿತ್ತು. ಯಾವ ಡಬ್ಬದಲ್ಲಿ ಏನಿದೆ, ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಚೀಟಿ ಅಂಟಿಸದ ಡಬ್ಬ ಕಂಡರೆ ಮ್ಯಾನೇಜರನ್ನೂ ತಡೆದು ನಿಲ್ಲಿಸುವ ಗಟ್ಟಿಗ. ಒಂದು ದಿನ ಕಾರ್ಖಾನೆಗೆ ಬೀಗ ಬಿತ್ತು. ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳುವವರೇ ಇಲ್ಲವಾದರು.

ಕೆಲಸ ಹುಡುಕುವುದೂ ಒಂದು ಕೆಲಸವೇ, ಸಂಬಳ ಒಂದಿಲ್ಲ ಅಷ್ಟೇ. ಇಸ್ತ್ರಿ ಮಾಡಿದ ಅದೇ ಅಂಗಿ, ಅದೇ ಫೈಲು, ಕಾಯಲು ಅದೇ ಪ್ಲಾಸ್ಟಿಕ್ ಕುರ್ಚಿ. ವಯಸ್ಸು ನಲವತ್ತು ದಾಟಿದೆ ಎಂದ ಕೂಡಲೇ ಎದುರಿಗೆ ಕೂತವನ ಪೆನ್ನು ನಿಂತುಬಿಡುತ್ತಿತ್ತು. "ಹೇಳಿ ಕಳಿಸ್ತೀವಿ" ಎನ್ನುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಅವನ ಮುಖ ದಿನದಿನಕ್ಕೆ ಗಂಟಾಗುತ್ತಾ ಹೋಯಿತು. ಹೆಂಡತಿ ಊಟಕ್ಕೆ ಕರೆದರೂ ಬೈದಂತೆ ಕೇಳಿಸುತ್ತಿತ್ತು.

ಕೊನೆಗೆ ದಾರಿ ತೋರಿಸಿದವಳು ಅವನ ಅಮ್ಮ.

"ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲಲ್ಲ ಮಗನೇ. ಕೆಲಸ ಸಿಗೋವಾಗ ಸಿಗ್ಲಿ, ಅಲ್ಲೀವರೆಗೂ ಕೈ ಕಟ್ಕೊಂಡು ಕೂರ್ಬೇಡ. ನಿನಗೆ ಗೊತ್ತಿರೋದನ್ನೇ ಏನಾದ್ರೂ ಮಾಡು."

ಅಮ್ಮ ಇದನ್ನು ಹೇಳಿದ್ದು ಮಗನಿಗೆ, ಕೇಳಿಸಿದ್ದು ಇಡೀ ಬೀದಿಗೆ. ಅವಳ ಗಂಟಲು ಅಂಥದ್ದು. ಅಡುಗೆಮನೆಯಲ್ಲಿ ನಿಂತು ಒಂದು ಕೂಗು ಹಾಕಿದರೆ ಮೂಲೆ ಅಂಗಡಿಯವನು "ಬಂದೆ ಅಮ್ಮಾ" ಎನ್ನುತ್ತಿದ್ದ. ಅವಳಿಗೆ ಓದು ಬರಹ ಬಾರದು. ಆ ಗಂಟಲೊಂದರ ಬಲದಿಂದಲೇ ಸಂತೆಯಲ್ಲಿ ತರಕಾರಿ ಮಾರಿ ಮಗನನ್ನು ಓದಿಸಿದವಳು.

ಸ್ಟೋರಣ್ಣ ಬಚ್ಚಲು, ಕಕ್ಕಸು ತೊಳೆಯುವ ಲಿಕ್ವಿಡ್ ಮಾಡಿ ಮಾರಲು ಶುರು ಮಾಡಿದ. ಕ್ಯಾನಿನಲ್ಲಿ ಆಸಿಡ್ ತಂದು, ಹಿತ್ತಲಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹದ ಮಾಡುತ್ತಿದ್ದ. ಮೊದಮೊದಲು ಕೊಂಡ ಹೆಂಗಸರು ಮೂಗು ಮುರಿದರು. "ಕಲೆ ಹೋಗತ್ತೆ, ಆದ್ರೆ ಘಾಟು ಜಾಸ್ತಿ. ನೋಡೋಕೂ ಚೆನ್ನಾಗಿಲ್ಲ" ಎಂದರು. ಸರಿ, ಕಿತ್ತಳೆ ಬಣ್ಣ ಬೆರೆಸಿದ, ಕಿತ್ತಳೆ ಹಣ್ಣಿನ ವಾಸನೆಯನ್ನೂ ಬೆರೆಸಿದ. ಬಾಟಲಿಯ ಚಿಂತೆ ಅಮ್ಮ ನೋಡಿಕೊಂಡಳು. ಬಸ್ ನಿಲ್ದಾಣದ ಜ್ಯೂಸ್ ಅಂಗಡಿಯಿಂದ ಖಾಲಿ ಬಾಟಲಿಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದು, ನೆನೆಸಿ, ಚೀಟಿಗಳನ್ನು ಉಜ್ಜಿ ತೆಗೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಬಣ್ಣ ತುಂಬಿದ ಬಾಟಲಿಗಳು ಸಾಲಾಗಿ ನಿಂತರೆ ನೋಡಿದವರ ಬಾಯಲ್ಲಿ ನೀರೂರಬೇಕು, ಹಾಗಿದ್ದವು. ವ್ಯಾಪಾರ ಕುದುರಿತು.

ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ನರ್ಸಕ್ಕ ಒಂದು ದಿನ ಡ್ಯೂಟಿ ಮುಗಿಸಿ ಬರುವಾಗ ಮೆಟ್ಟಿಲ ಬಳಿ ನಿಂತಳು.

"ಇದೇನಪ್ಪ, ಜ್ಯೂಸ್ ಅಂಗಡಿ ಹಾಕಿದ್ಯಾ?"

"ಬಚ್ಚಲು ತೊಳೆಯೋ ಲಿಕ್ವಿಡ್ ಅಕ್ಕ. ನಿಮಗೂ ಒಂದು ಕೊಡ್ಲಾ?"

"ಲಿಕ್ವಿಡ್ ಕೊಡು, ಆದ್ರೆ ಈ ಬಾಟ್ಲೀಲಿ ಬೇಡ. ನೀರು ಅಂದ್ಕೊಂಡು ಕುಡಿದೆ, ಜ್ಯೂಸ್ ಅಂದ್ಕೊಂಡು ಕುಡಿದೆ ಅಂತ ಗಂಟಲು ಸುಟ್ಕೊಂಡು ನಮ್ಮ ವಾರ್ಡಿಗೆ ಬರೋರನ್ನ ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಅಂತ ಬೇರೆ ಡಬ್ಬ ಸಿಗಲ್ವಾ?"

"ಸಿಗತ್ತೆ. ಅದನ್ನ ಕೊಂಡ್ರೆ ನನಗೆ ಉಳಿಯೋದು ಚಿಪ್ಪು. ನಮ್ಮನೇಲಿ ಚಿಕ್ಕ ಮಕ್ಕಳಿಲ್ಲ ಅಕ್ಕ, ಇರೋರೆಲ್ಲ ಬುದ್ಧಿ ಬಲಿತೋರೇ."

"ವಾರ್ಡಿಗೆ ಬರೋರಲ್ಲೂ ಬುದ್ಧಿ ಬಲಿತೋರಿಗೇನೂ ಕಮ್ಮಿ ಇಲ್ಲ."

"ಆಯ್ತು ಬಿಡಿ, ಚೀಟಿ ಅಂಟಿಸ್ತೀನಿ."

"ಅಂಟಿಸು. ಅಮ್ಮಂಗೆ ಓದಕ್ಕೆ ಬರತ್ತಾ?" ನರ್ಸಕ್ಕ ದನಿ ತಗ್ಗಿಸಿದಳು. "ಓದಕ್ಕೆ ಬಾರದೋರು ಬಾಟ್ಲಿನೇ ಓದೋದಪ್ಪ. ಬಣ್ಣ ನೋಡ್ತಾರೆ, ಆಕಾರ ನೋಡ್ತಾರೆ, ಅಷ್ಟೇ."

ಸ್ಟೋರಣ್ಣನಿಗೆ ರೇಗಿತು. ಹೋದ ಹೋದ ಕಡೆಯೆಲ್ಲ ಯಾರ್ಯಾರೋ ಅವನ ಪರೀಕ್ಷೆ ಮಾಡಿ ಫೇಲು ಮಾಡಿ ಕಳಿಸಿದ್ದರು. ಈಗ ಮನೆಯ ಮೆಟ್ಟಿಲ ಮೇಲೂ ಪರೀಕ್ಷೆಯೇ?

"ಇಷ್ಟು ವರ್ಷ ಸ್ಟೋರ್ ನೋಡ್ಕೊಂಡೋನು ನಾನು. ಆಸಿಡ್ ಹೇಗೆ ಇಡ್ಬೇಕು ಅಂತ ನನಗೆ ಹೇಳಿಕೊಡ್ಬೇಡಿ ಅಕ್ಕ" ಎಂದ.

ನರ್ಸಕ್ಕ ಮಾತು ಬೆಳೆಸದೆ ಮೆಟ್ಟಿಲು ಹತ್ತಿದಳು. ಹೆಂಡತಿ ಒಳಗಿನಿಂದ, "ರೀ, ಅವರು ಹೇಳೋದ್ರಲ್ಲೂ ನಿಜ ಇದೆ" ಎಂದದ್ದಕ್ಕೆ ಅವಳ ಮೇಲೂ ಹರಿಹಾಯ್ದ.

"ನೀನೂ ಶುರು ಮಾಡ್ಬೇಡ. ಕಾರ್ಖಾನೇಲಿ ನೂರಾರು ಜನ, ಅದಕ್ಕೆ ಚೀಟಿ, ರೂಲ್ಸು. ಮನೇಲಿ ಇರೋದು ಮೂರು ಜನ. ಯಾವುದ್ರಲ್ಲಿ ಏನಿದೆ ಅಂತ ನಮಗೆ ಗೊತ್ತಿಲ್ವಾ?"

ಚೀಟಿಯನ್ನೂ ಅಂಟಿಸಲಿಲ್ಲ. ಹಟಕ್ಕೆ ಬಿದ್ದವನಿಗೆ ಹೇಳುವವರು ಯಾರು?

ಅಂತೂ ಒಂದು ಕಡೆಯಿಂದ ಫೋನು ಬಂತು. ದೊಡ್ಡ ಗೋದಾಮೊಂದಕ್ಕೆ ಸ್ಟೋರ್ ನೋಡಿಕೊಳ್ಳುವವರು ಬೇಕಾಗಿದ್ದರು, ಮಾರನೆಯ ದಿನವೇ ಸಂದರ್ಶನ. ಆ ಸಂಜೆ ಸ್ಟೋರಣ್ಣ ಖುಷಿಗೆ ಬಸ್ ನಿಲ್ದಾಣದ ಅದೇ ಅಂಗಡಿಯಿಂದ ಒಂದು ಬಾಟಲಿ ಕಿತ್ತಳೆ ಜ್ಯೂಸ್ ತಂದ. ಅವನೂ ಹೆಂಡತಿಯೂ ಕುಡಿದರು. ಅಮ್ಮ ತನ್ನ ಪಾಲನ್ನು ಬಾಟಲಿಯಲ್ಲೇ ಉಳಿಸಿ, ಅಭ್ಯಾಸಬಲದಿಂದ ಅದರ ಚೀಟಿಯನ್ನೂ ಉಜ್ಜಿ ತೆಗೆದು, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನೀನು ಕೆಲಸ ಗಿಟ್ಟಿಸ್ಕೊಂಡು ಬಾ, ಆಮೇಲೆ ಕುಡೀತೀನಿ."

ಬೆಳಿಗ್ಗೆ ಮನೆಯಲ್ಲಿ ಗಡಿಬಿಡಿ. ಸ್ನಾನಕ್ಕೆ ಹೋದರೆ ಬಚ್ಚಲಿನ ನಲ್ಲಿಯ ಕೆಳಗೆ ಅರ್ಧ ತುಂಬಿದ ಒಂದು ಲಿಕ್ವಿಡ್ ಬಾಟಲಿ ಅಡ್ಡ ನಿಂತಿತ್ತು. ಸ್ಟೋರಣ್ಣ ಅದನ್ನೆತ್ತಿ, ಕೈಗೆ ಸಿಕ್ಕ ಜಾಗದಲ್ಲಿಟ್ಟ. ಕೈಗೆ ಸಿಕ್ಕ ಜಾಗ ಬಚ್ಚಲಿಗೆ ಅಂಟಿಕೊಂಡಂತಿದ್ದ ಅಡುಗೆಮನೆಯ ಕಿಟಕಿಯ ಕಟ್ಟೆ. ಆಮೇಲೆ ಎತ್ತಿಟ್ಟರಾಯಿತು ಎಂದುಕೊಂಡ, ಮರೆತ. ಹೊರಡುವಾಗ ಬಾಗಿಲಲ್ಲಿ ನಿಂತು ಕೂಗಿ ಹೇಳಿದ:

"ಅಮ್ಮಾ, ಆ ಜ್ಯೂಸ್ ಕುಡಿದುಬಿಡು. ಇಟ್ರೆ ಕೆಟ್ಟೋಗತ್ತೆ."

ಗೋದಾಮಿನ ಬಾಗಿಲಲ್ಲಿ ಕಾವಲುಗಾರ ಎಲ್ಲರ ಫೋನನ್ನೂ ತೆಗೆದಿರಿಸಿಕೊಂಡ. ಒಳಗೆ ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನವರು ಕೇಳಿದರು:

"ಚೀಟಿ ಇಲ್ಲದ ಒಂದು ಕ್ಯಾನ್ ನಿಮ್ಮ ಸ್ಟೋರಲ್ಲಿ ಕಂಡ್ರೆ ಏನು ಮಾಡ್ತೀರಿ?"

ಸ್ಟೋರಣ್ಣ ನೆಟ್ಟಗೆ ಕೂತ.

"ಮೊದಲು ಯಾರೂ ಮುಟ್ಟದ ಹಾಗೆ ಬೇರೆ ಇಡ್ತೀನಿ ಸಾರ್. ಒಳಗೇನಿದೆ ಅಂತ ಖಾತ್ರಿ ಆಗೋವರೆಗೂ ಅದು ವಿಷ ಅಂತಲೇ ಲೆಕ್ಕ. ಮತ್ತೆ, ಒಂದು ಪದಾರ್ಥದ ಡಬ್ಬಕ್ಕೆ ಇನ್ನೊಂದನ್ನ ತುಂಬೋಕೆ ಬಿಡೋದೇ ಇಲ್ಲ."

ಮೂವರೂ ತಲೆದೂಗಿದರು. "ನಿಮ್ಮಂಥೋರೇ ಬೇಕಾಗಿತ್ತು" ಎಂದರು ನಡುವಿನವರು. ಇಷ್ಟು ದಿನ ನಿಲ್ಲುತ್ತಿದ್ದ ಪೆನ್ನು ಅಂದು ಬರೆಯಿತು. ಸ್ಟೋರಣ್ಣನಿಗೆ ಕಣ್ಣು ತುಂಬಿ ಬಂತು.

ಇತ್ತ ಮನೆಯಲ್ಲಿ, ಗೋಣಿಚೀಲ ಹೊತ್ತು ಬಿಸಿಲಲ್ಲಿ ಬಂದ ಅಮ್ಮ ಚೀಲ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ಕೈ ಚಾಚಿದಳು. ಮಗ ಕುಡಿ ಎಂದು ಹೇಳಿ ಹೋಗಿದ್ದಾನೆ. ಎರಡು ಬಾಟಲಿಗಳಿದ್ದವು, ಎರಡೂ ಕಿತ್ತಳೆ ಬಣ್ಣದವು, ಎರಡೂ ಅರ್ಧರ್ಧ. ಮಗ ಎರಡು ತಂದಿದ್ದನೇನೋ ಎಂದುಕೊಂಡಿರಬೇಕು. ಮುಂದಿದ್ದುದನ್ನು ತೆಗೆದು, ಬಾಯಾರಿದವರು ಕುಡಿಯುವಂತೆ ಗಟಗಟನೆ ಸುರಿದುಕೊಂಡಳು.

ಬೀದಿ ಎಬ್ಬಿಸುವ ಆ ಗಂಟಲಿನಿಂದ ಅಂದು ಸದ್ದೇ ಹೊರಡಲಿಲ್ಲ. ಕೊಡ ಉರುಳಿದ ಸದ್ದಿಗೆ ಸೊಸೆ ಹಿತ್ತಲಿನಿಂದ ಓಡಿ ಬಂದಳು. ಅಕ್ಕಪಕ್ಕದವರು ಸೇರಿದರು. "ಉಪ್ಪುನೀರು ಕುಡ್ಸು, ವಾಂತಿ ಮಾಡ್ಸು" ಎಂದು ಯಾರೋ ಹೇಳಿದರು. ಹೇಳಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ, ಮಾಡಿದವಳ ಮನಸ್ಸಿನಲ್ಲೂ ಇರಲಿಲ್ಲ. ಉಪ್ಪುನೀರು ಕುಡಿಸಿದಳು, ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸಿದಳು.

ಫೋನು ಕೈಗೆ ಬಂದ ಮೇಲೆ ಸುದ್ದಿ ತಿಳಿದ ಸ್ಟೋರಣ್ಣ, ಅಮ್ಮನನ್ನು ಸೇರಿಸಿದ್ದ ನರ್ಸಕ್ಕನ ಆಸ್ಪತ್ರೆಗೆ ಬಿದ್ದಂಬೀಳ ಓಡಿದ. ಅಲ್ಲಿ ನರ್ಸಕ್ಕ ಅವನ ಹೆಂಡತಿಯನ್ನು ಕೇಳುತ್ತಿದ್ದಳು: "ವಾಂತಿ ಮಾಡಿಸಿದ್ರಾ?"

ಹೆಂಡತಿ ಹೌದೆಂದು ತಲೆಯಾಡಿಸಿದಳು.

"ಮಾಡಿಸಬಾರದಿತ್ತಮ್ಮ. ಅದು ಒಳಗೆ ಹೋಗುವಾಗ ಒಂದ್ಸಲ ಸುಟ್ಟಿರತ್ತೆ, ಹೊರಗೆ ಬರುವಾಗ ಇನ್ನೊಂದ್ಸಲ ಸುಡತ್ತೆ. ಬಾಯಿ ತೊಳೆಸಿ, ಮನೆ ಮದ್ದು ಏನೂ ಕೊಡದೆ, ಆ ಬಾಟ್ಲಿ ಸಮೇತ ತಕ್ಷಣ ಇಲ್ಲಿಗೆ ಕರ್ಕೊಂಡು ಬರ್ಬೇಕು."

ಹೆಂಡತಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಅವಳು ಬಾಟಲಿಯನ್ನು ತಂದಿರಲಿಲ್ಲ. ಡಾಕ್ಟರು ಸ್ಟೋರಣ್ಣನನ್ನೇ ಕರೆದು ಒಳಗೇನಿತ್ತು ಎಂದು ಕೇಳಿದರು. ಅವನು ಒಂದೊಂದರ ಹೆಸರನ್ನೂ, ಎಷ್ಟೆಷ್ಟು ಬೆರೆಸಿದ್ದೆ ಎಂಬುದನ್ನೂ ತಪ್ಪಿಲ್ಲದೆ ಹೇಳಿದ. ಡಾಕ್ಟರು ತಲೆಯೆತ್ತಿದರು.

"ಇಷ್ಟೆಲ್ಲ ಗೊತ್ತಿದ್ದೂ ಜ್ಯೂಸ್ ಬಾಟ್ಲೀಲಿ ತುಂಬಿದ್ರಾ?"

ಬೆಳಿಗ್ಗೆ ನೆಟ್ಟಗೆ ಕೂತು ಉತ್ತರ ಕೊಟ್ಟಿದ್ದ ಸ್ಟೋರಣ್ಣ ನರ್ಸಕ್ಕನ ಕಡೆ ನೋಡಿದ. ನರ್ಸಕ್ಕ "ನಾನು ಆವತ್ತೇ ಹೇಳಿರ್ಲಿಲ್ವಾ" ಎನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಅವನಿಗೆ ಈಗಲೂ ಅನಿಸುತ್ತದೆ.

ಅಮ್ಮ ಉಳಿದಳು. ಉಳಿದಳು ಎಂದು ಹೇಳುವುದು ಸುಲಭ. ಅನ್ನನಾಳ ಸುಟ್ಟು ಮುದುಡಿಕೊಂಡಿತ್ತು. ಹೊಟ್ಟೆಗೆ ನೇರವಾಗಿ ನಳಿಕೆ ಹಾಕಿ, ಅದರಲ್ಲಿ ಗಂಜಿಯನ್ನು ತಿಳಿ ಮಾಡಿ ಬಿಡಬೇಕು. ದನಿ ಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಟ್ಟ ಮೇಲೆ ಅವಳು ಮಗನನ್ನು ನೋಡಿ ತುಟಿ ಆಡಿಸಿದಳು. ಅವನು ಬಗ್ಗಿ ಕಿವಿಯಿಟ್ಟ.

"ಕೆಲಸ... ಸಿಕ್ತಾ?"

ಸಿಕ್ಕಿತು ಎಂದು ತಲೆಯಾಡಿಸಿದ. ಅವಳು ಅವನ ಕೈ ಹಿಡಿದು ಒತ್ತಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕಾರಿಡಾರಿಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಅಲ್ಲಿ ನರ್ಸಕ್ಕ ಅವನ ಭುಜ ಹಿಡಿದು ತಿರುಗಿಸಿದಳು. "ಅಳೋದಕ್ಕೆ ಆಮೇಲೂ ಟೈಮ್ ಇದೆ. ಮಾರಿದ್ಯಲ್ಲ ಬಾಟ್ಲಿಗಳು, ಮೊದಲು ಹೋಗಿ ಅವನ್ನ ವಾಪಸ್ ತಗೊಂಡು ಬಾ."

ಗಂಡ ಹೆಂಡತಿ ಇಬ್ಬರೂ ಚೀಲ ಹಿಡಿದು ಮನೆ ಮನೆಯ ಬಾಗಿಲು ಬಡಿದರು. ಕೆಲವರು ಮರುಮಾತಿಲ್ಲದೆ ಕೊಟ್ಟರು. ಕೆಲವರು ನಕ್ಕರು.

"ಇನ್ನೂ ಅರ್ಧ ಇದೆ, ಯಾಕೆ ಕೊಡ್ಲಿ?"

"ನಾವು ಹುಷಾರಾಗಿ ಇಟ್ಕೊಂಡಿದೀವಪ್ಪ. ನಮ್ಮನೇಲಿ ಚಿಕ್ಕ ಮಕ್ಕಳೇನೂ ಇಲ್ಲ."

"ನಮ್ಮನೇಲೂ ಇರ್ಲಿಲ್ಲ" ಎಂದ ಸ್ಟೋರಣ್ಣ.

ಆ ಮಾತಿಗೆ ಬಾಗಿಲಲ್ಲಿ ನಿಂತವರು ಒಳಗೆ ಹೋಗಿ ಬಾಟಲಿ ತಂದುಕೊಟ್ಟರು. ತಂದ ಲಿಕ್ವಿಡ್ಡನ್ನೆಲ್ಲ ಅವನು ಗೋದಾಮಿನವರ ಕೈಗೆ ಒಪ್ಪಿಸಿದ. ಅದನ್ನು ಸರಿಯಾಗಿ ವಿಲೇವಾರಿ ಮಾಡುವುದು ಅವರಿಗೆ ಗೊತ್ತಿತ್ತು. ಖಾಲಿ ಬಾಟಲಿಗಳನ್ನು ಯಾರೂ ಮತ್ತೆ ಬಳಸದಂತೆ ಹೆಂಡತಿ ಕುಳಿತು ಒಂದೊಂದನ್ನೇ ಕತ್ತರಿಸಿ ಹಾಕಿದಳು.

ಈಗ ಅವನು ದಿನಾ ಗೋದಾಮಿಗೆ ಹೋಗುತ್ತಾನೆ, ದಿನಾ ಡಬ್ಬಗಳಿಗೆ ಚೀಟಿ ಅಂಟಿಸುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಮನೆಯಲ್ಲಿ ಅಮ್ಮ ಏನಾದರೂ ಬೇಕಾದರೆ ಸೋತ ಕೈಯಿಂದ ಲೋಟಕ್ಕೆ ಚಮಚ ತಟ್ಟುತ್ತಾಳೆ. ಆ ಸದ್ದು ಪಕ್ಕದ ಕೋಣೆಗೂ ಸರಿಯಾಗಿ ಕೇಳಿಸುವುದಿಲ್ಲ. ಮೂಲೆ ಅಂಗಡಿಯವನು ಒಮ್ಮೊಮ್ಮೆ ತಾನಾಗಿಯೇ ಬಂದು, "ಏನಾದ್ರೂ ಬೇಕಿತ್ತಾ ಅಮ್ಮಾ?" ಎಂದು ಕೇಳಿ ಹೋಗುತ್ತಾನೆ.

ಮಾರಿದ ಬಾಟಲಿಗಳಲ್ಲಿ ಒಂದು ಮಾತ್ರ ಸಿಗಲಿಲ್ಲ. ಕೊಂಡ ಮನೆಯವರು, "ಯಾರೋ ಕೇಳಿದ್ರು ಅಂತ ಕೊಟ್ವಿ, ಅವರು ಇನ್ಯಾರಿಗೆ ಕೊಟ್ರೋ" ಎಂದರು. ಸ್ಟೋರಣ್ಣ ಈಗಲೂ ಅದನ್ನು ವಿಚಾರಿಸುತ್ತಿದ್ದಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೇಳುತ್ತಿರುವ ತಾಯಂದಿರೇ, ಅಂಥ ಬಾಟಲಿ ಲೋಕದಲ್ಲಿ ಅದೊಂದೇ ಅಲ್ಲ. ಆಸಿಡ್, ಫಿನಾಯಿಲ್, ಸೀಮೆಎಣ್ಣೆ, ಕೀಟನಾಶಕ ಯಾವುದೇ ಇರಲಿ, ಕುಡಿಯುವ ಬಾಟಲಿಗೆ, ಲೋಟಕ್ಕೆ ಸುರಿಯಬೇಡಿ. ಬಂದ ಡಬ್ಬದಲ್ಲೇ ಇರಲಿ, ಅಡುಗೆಮನೆಯಿಂದ ದೂರ, ಬೀಗದೊಳಗೆ ಇರಲಿ. ಮನೆಯಲ್ಲಿ ಮಾಡಿ ಮಾರುವವರು ನೀವಾಗಿದ್ದರೆ ಬೇರೆಯದೇ ಡಬ್ಬ ಕೊಳ್ಳಿ, ಓದು ಬಾರದವರಿಗೂ ಅಪಾಯ ಎಂದು ತಿಳಿಯುವ ಗುರುತು ಹಾಕಿ. ಯಾರಾದರೂ ಕುಡಿದೇಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಟ್ಟು ಎದ್ದೇಳಿ. ಬಚ್ಚಲಿನ ಮೂಲೆ, ಒಲೆಯ ಕೆಳಗೆ, ಕಿಟಕಿಯ ಕಟ್ಟೆ ಎಲ್ಲ ನೋಡಿ. ನಮ್ಮ ಮನೆಯಲ್ಲಿ ಅಂಥದ್ದಿಲ್ಲ ಎಂದು ಕೂತಲ್ಲೇ ಹೇಳಬೇಡಿ. ನೋಡಿ ಬಂದು ಹೇಳಿ.