ಕಾವಿಗೆ ಕೂತ ಗ್ರಾಫಿಕ್ಸ್ ಕಾರ್ಡ್

ಹುಲಿಕುಂಟೆ ಹೋಬಳಿಯಲ್ಲಿ ನನ್ನಂಥ ಗೇಮರ್ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಅಂದಾಜೂ ಇಲ್ಲ. ಕಂಪ್ಯೂಟರಿನಲ್ಲಿ ದೊಡ್ಡ ಆಟ ಓಡಿಸೋಕೆ ಬೇಕಾದ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿರಲಿಲ್ಲ. ಹಾಗಾಗಿ ನಮ್ಮಜ್ಜಿ ಭೀಮಕ್ಕನ ಟಗರನ್ನು ಶಿರಾದ ಅಂಗಡಿ ವಾಸಿಫನಿಗೆ ಕೊಟ್ಟು, ಊರೆಲ್ಲ ಬಳಸಿ ಬಿಟ್ಟ ಹಳೇ ಕಾರ್ಡೊಂದನ್ನು ತಂದೆ.

"ಜಬರ್ದಸ್ತ್ ಕಾರ್ಡ್ ಐತೆ ಭಾಯ್. ಸ್ವಲ್ಪ ಬಿಸಿ ಆಯ್ತದೆ, ಅಷ್ಟೇ" ಎಂದಿದ್ದ ವಾಸಿಫ್.

ಸ್ವಲ್ಪವೇ? ನಾನು ಆಟ ಶುರು ಮಾಡಿದರೆ ಪಾವಗಡದ ಬಿಸಿಲೇ ನಾಚಿ ನೆರಳಿಗೆ ಸರಿಯುತ್ತಿತ್ತು.

ಟಗರು ಹೋದ ಸಿಟ್ಟಿಗೆ ಅಜ್ಜಿ ಗೋಣಿಚೀಲ ಹಿಡಿದು ಬಂದಳು. "ನಾಳೆ ಸಂತೆಗೆ ನಿನ್ನ ಕಂಪ್ಯೂಟ್ರೂ ಹೋಯ್ತದೆ ಕಣ್ಲಾ."

ನನ್ನ ತಲೆ ಸಾಮಾನ್ಯದ್ದೇ? ಕೋಳಿ ಕಾವು ಬಿಟ್ಟು ಎದ್ದುಹೋಗಿದ್ದ ಮೊಟ್ಟೆಗಳನ್ನು ಬುಟ್ಟಿಸಮೇತ ತಂದು ಕಂಪ್ಯೂಟರ್ ಡಬ್ಬದ ಮೇಲಿಟ್ಟೆ. "ನಾನು ಆಡೋವಷ್ಟು ಹೊತ್ತೂ ಇವಕ್ಕೆ ಕಾವು ಕಣಜ್ಜಿ."

ಅಜ್ಜಿ ಬುಟ್ಟಿಯ ಮೇಲೆ ಕೈಯಿಟ್ಟು ನೋಡಿ, ಗೋಣಿಚೀಲ ಮಡಚಿಟ್ಟಳು.

ಅಲ್ಲಿಂದ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಕೋಲಿನಿಂದ ತಿವಿತ. "ಆಡ್ಲಾ ಲೇ, ಮೊಟ್ಟೆ ತಣ್ಣಗಾಯ್ತವೆ." ಒಂದು ಕೈಯಲ್ಲಿ ಮುದ್ದೆ ನುಂಗುತ್ತಾ ಇನ್ನೊಂದು ಕೈಯಲ್ಲಿ ಲಕ್ಷ ವೈರಿಗಳನ್ನು ಕೊಂದೆ.

ಕೊನೆಗೂ ಮರಿಗಳು ಹೊರಬಂದವು. ನಾನೇ ತಾಯಿ ಎಂದುಕೊಂಡು ಸಿದ್ದರಬೆಟ್ಟದ ತುದಿಯವರೆಗೂ ನನ್ನ ಹಿಂದೆ ಬಂದವು.

ಇಳಿದು ಮನೆಗೆ ಬಂದರೆ ಅಜ್ಜಿ ಇನ್ನೊಂದು ಟಗರಿನ ಹಗ್ಗ ನನ್ನ ಕೈಗಿಟ್ಟಳು.

"ಈ ಕಾರ್ಡು ಸಾಲಾಕಿಲ್ಲ ಕಣ್ಲಾ. ಇದಕ್ಕಿಂತ ಬಿಸಿ ಆಗೋದು ತಗಂಬಾ."