ದಾರದ ಅಳತೆ

ಬೆಚ್ಚಗಿದೆ ಈ ಇಲಿಯ ಪಂಜ, ಅಕ್ಕಿಕಾಳಿನಷ್ಟು ಬೆರಳುಗಳು — ಬಾವು ಬರಿಸುವ ಚುಚ್ಚುಮದ್ದು ಕೊಟ್ಟು ಮೂರು ಗಂಟೆಯಾಯಿತು, ದಾರ ಸುತ್ತಬೇಕು, ಚರ್ಮಕ್ಕೆ ತಾಗಿಯೂ ತಾಗದ ಹಾಗೆ, ಎಳೆಯಬಾರದು, ಎಳೆದರೆ ಅಳತೆ ಸುಳ್ಳಾಗುತ್ತದೆ, ಎಷ್ಟು ಹೊಸಬರಿಗೆ ಇದನ್ನು ಹೇಳಿಕೊಟ್ಟಿದ್ದೇನೆ, ಅಮ್ಮನಿಗೆ ಮಾತ್ರ ಹೇಳಲಿಲ್ಲ. ಅಮ್ಮ ಹೋಗಿ ಇಪ್ಪತ್ತು ದಿನ, ನಾನು ಲ್ಯಾಬಿಗೆ ಮರಳಿದ್ದು ಇವತ್ತು, ಮೇಡಂ ಬಾಗಿಲಲ್ಲೇ ನಿಂತು ಇನ್ನೆರಡು ದಿನ ಬಿಟ್ಟು ಬರಬಹುದಿತ್ತಲ್ಲಮ್ಮ ಅಂದರು, ಇಲಿಗಳನ್ನ ಯಾರು ನೋಡ್ತಾರೆ ಮೇಡಂ ಅಂದೆ — ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಂಗೆ ಹೆತ್ತವಳಿಗಿಂತ ಹೆಗ್ಗಣವೇ ಮುದ್ದು ಕಣೇ, ಅವತ್ತು ಫೋನಿನಲ್ಲಿ ಅಮ್ಮನ ನಗು, ನಾನೂ ನಕ್ಕು ಬಾಯಿಬಿಟ್ಟೆ, ಅಮ್ಮಾ, ನುಗ್ಗೆಸೊಪ್ಪಿನ ಸಾರ ಕುಡಿಸಿದ ಇಲಿಗಳಿಗೆ ಬಾವು ಅರ್ಧಕ್ಕರ್ಧ ಇಳೀತು. ಇಲಿಗಳಿಗೆ ಅಂತಲೇ ಹೇಳಿದೆ, ಆದರೆ ಲೋಕವನ್ನೇ ಗೆದ್ದ ದನಿಯಲ್ಲಿ ಹೇಳಿದೆ. ಸಂಧಿವಾತ, ಅವಳ ಬೆರಳ ಗೆಣ್ಣುಗಳು ಬಾತು ಹತ್ತು ವರ್ಷ, ಡಬ್ಬಿಯ ಮುಚ್ಚಳ ತೆಗೆಯಲಾರಳು, ಗುಂಡಿ ಹಾಕಿಕೊಳ್ಳಲಾರಳು, ಹಿತ್ತಲ ಗಿಡ ಮದ್ದಲ್ಲ ಅಂತೀರಿ, ನನ್ನ ಮಗಳು ಮದ್ದು ಅಂತ ತೋರಿಸಲಿಲ್ವಾ ಅಂತ ಪಕ್ಕದ ಮನೆಯಾಕೆಯ ಹತ್ತಿರ ಹೇಳಿಕೊಂಡಿದ್ದಳಂತೆ, ನನಗೆ ಹೇಳಿದ್ದು ಇಷ್ಟೇ, ನಾನೂ ಸೊಪ್ಪು ಅರೆದು ಕುಡೀತಿದೀನಿ, ಹೆಂಗೆ ಅಳೆಯೋದು ಹೇಳು. ಹೇಳಿದೆ. ನಡುಬೆರಳ ಗೆಣ್ಣಿಗೆ ದಾರ ಸುತ್ತು, ತುದಿ ಸೇರಿದಲ್ಲಿ ಕತ್ತರಿಸು, ತಾರೀಕು ಬರೆದು ಅಂಟಿಸು. ಡಾಕ್ಟರು ಕೊಟ್ಟ ಮಾತ್ರೆ ತಗೋತಿದೀಯ ತಾನೆ ಅಂತ ಕೇಳಲಿಲ್ಲ.

ದಿನಕ್ಕೊಂದು ಫೋಟೋ, ಹಳೆಯ ನೋಟ್‌ಬುಕ್ಕಿನಲ್ಲಿ ಕೆಂಪು ದಾರದ ತುಂಡುಗಳು, ನಿನ್ನೆಯದಕ್ಕಿಂತ ಇವತ್ತಿನದು ಕೂದಲೆಳೆಯಷ್ಟು ಗಿಡ್ಡ, ನಾನು ಮೇಡಂಗೆ ತೋರಿಸಿ ಬೀಗಿದೆ, ನೋಡಿ, ನಮ್ಮಮ್ಮನೂ ನಮ್ಮ ಪ್ರಯೋಗದಲ್ಲಿದಾರೆ — ಹುಚ್ಚಿ, ಇಲಿಯ ಅಳತೆಯನ್ನು ಮೂರು ಸಲ ನೋಡುವವಳು ಅಮ್ಮನದನ್ನು ಒಂದು ಸಲವೂ ಅನುಮಾನಿಸಲಿಲ್ಲ, ಯಾವ ಬಾವು ಅಷ್ಟು ನೀಟಾಗಿ ಇಳಿಯುತ್ತದೆ. ಆಸ್ಪತ್ರೆಗೆ ಸೇರಿಸಿದಾಗಲೇ ಗೊತ್ತಾದದ್ದು, ಅವಳು ಮಾತ್ರೆ ಬಿಟ್ಟು ಮೂರು ತಿಂಗಳಾಗಿತ್ತು. ಬಾವು ಎದೆಗೂ ಹತ್ತಿದೆ, ಹೃದಯದ ಸುತ್ತ ನೀರು ತುಂಬಿದೆ, ಯಾಕಿಷ್ಟು ತಡ ಮಾಡಿದ್ರಿ, ಡಾಕ್ಟರು ಬಯ್ಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಂಚದ ಪಕ್ಕ ಕೂತು ಕೈ ಎತ್ತಿಕೊಂಡೆ, ಇಳಿದಿದೆ ಅಂದಿದ್ದೆಯಲ್ಲಮ್ಮ, ಅವಳು ಗೋಡೆಯ ಕಡೆ ಮುಖ ಮಾಡಿ, ನಿಂಗೆ ಎಷ್ಟು ಖುಷಿ ಆಗ್ತಿತ್ತಲ್ಲೇ, ಅಂದಳು. ಗೆಣ್ಣು ಬಾತು ಹೊಳೆಯುತ್ತಿತ್ತು, ಅದರ ಸುತ್ತ ಒಂದು ನೀಲಿ ಗೆರೆ.

ಮೂರನೆಯ ಗಂಟೆಯ ಅಳತೆ ಬರೆಯಬೇಕು, ಇಲಿ ಸುಮ್ಮನಿದೆ, ದಾರದ ಎರಡೂ ತುದಿ ನನ್ನ ಕೈಯಲ್ಲಿವೆ, ಎಳೆಯಬಾರದು — ಅವಳಿಗೆ ಇದ್ದದ್ದು ಒಂದೇ ಕೈ, ಇನ್ನೊಂದಕ್ಕೆ ದಾರ ಸುತ್ತಿತ್ತಲ್ಲ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದಿರಬೇಕು, ದಿನಾ, ನಿನ್ನೆಗಿಂತ ಇವತ್ತು ಒಂದಿಷ್ಟು ಹೆಚ್ಚು, ಅದೇ ಜಾಗದಲ್ಲಿ, ಬಾತ ಗೆಣ್ಣಿನ ಸುತ್ತ, ಆ ಗೆರೆ, ಆ ನೀಲಿ ಗೆರೆ